ಉಲ್ಟಾ ರೊಟ್ಟಿಯ ಕಾಕಾ

ಕಾಕಾ ಸತ್ತ ಸುದ್ದಿಯನ್ನು ಕಮಲಾಪುರದಿಂದ ಬಾಳೆಗೊನೆ ತರುವ ಗಾಡಿಯವನು ಹೇಳಿದ. ಒಂದು ಗೊನೆ ಇಳಿಸಿ ಇನ್ನೊಂದಕ್ಕೆ ಕೈ ಹಾಕುವ ನಡುವೆ, "ನಿಮ್ಮ ಉಲ್ಟಾ ರೊಟ್ಟಿ ಮುದುಕ ಹ್ವಾದ ನೋಡ್ರಿ ಅಕ್ಕೋರೇ. ಮಣ್ಣೂ ಆತು" ಎಂದ. ಆರಿಸುತ್ತಿದ್ದ ಹಣ್ಣನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅವನ ಮೇಲೆ ನನಗಿದ್ದ ಸಿಟ್ಟು ಹಳೆಯದು. ಸತ್ತ ಮೇಲಾದರೂ ಅದು ಇಳಿಯಬೇಕಿತ್ತು, ಇಳಿಯಲಿಲ್ಲ.

ಅವನ ಹೆಸರನ್ನು ನಾನು ಬರೆಯುವುದಿಲ್ಲ. ಬದುಕಿದ್ದಾಗ ಒಂದು ಅಂಗಡಿಯ ಹಲಗೆಯ ಮೇಲೆ ಬರೆಯಗೊಡದ ಹೆಸರನ್ನು ಸತ್ತ ಮೇಲೆ ಕಾಗದದ ಮೇಲೆ ಬರೆದು ಯಾರನ್ನು ಉದ್ಧಾರ ಮಾಡಬೇಕಾಗಿದೆ? ಕೇರಿಗೆಲ್ಲ ಅವನು ಕಾಕಾ. ನನಗೂ ಕಾಕಾ.

ಆಗ ನಿಜಾಮ ಸರಕಾರದ ಕಾಲ. ನನ್ನ ಗಂಡ ಕಲಬುರ್ಗಿಯ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ನಾನು ಮಿಷನ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಊರಿನವರು ನಮ್ಮನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ನಮ್ಮ ಕೇರಿ ಊರ ಹೊರಗೆ, ನಮ್ಮ ಬಾವಿ ಬೇರೆ, ನಾವು ನಡೆಯುವ ಹಾದಿ ಬೇರೆ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಅವನು ಗಿರಣಿಯ ದೊಡ್ಡ ಸಾಹೇಬನ ಬಂಗ್ಲೆಯಲ್ಲಿ ಅಡುಗೆಯವನು. ಸಾಹೇಬರ ಅಡುಗೆಮನೆಗೆ ನಮ್ಮವರೋ ಸಾಬರೋ ಹೋಗಬೇಕು. ಅವರು ತಿನ್ನುವ ಮಾಂಸವನ್ನು ಬೇರೆ ಯಾರು ಮುಟ್ಟುತ್ತಾರೆ?

ಒಳ್ಳೆಯ ಮನುಷ್ಯನಿದ್ದ ಎಂದು ಬರೆದರೆ ಕೇರಿಯವರೇ ನಕ್ಕಾರು. ಕಾಕಾ ಮಹಾ ಬಡಾಯಿಯವನು, ಸಿಟ್ಟು ಮೂಗಿನ ತುದಿಯಲ್ಲೇ. ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸಾಹೇಬ ಹಾಕಿ ಬಿಟ್ಟ ಕರಿ ಜಾಕೀಟು ಅವನ ಮೈಮೇಲೆ ಬೇಸಿಗೆಯಲ್ಲೂ ಇರುತ್ತಿತ್ತು. ಕಾಲಲ್ಲಿ ಸಾಹೇಬನದೇ ಹಳೆಯ ಬೂಟು. ಬಜಾರ ಬಂದ ಕೂಡಲೇ ಆ ಬೂಟನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನಡೆಯಬೇಕು, ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಬೇಕು. ಅದಕ್ಕೆ ಅವನಿಗೆ ನಾಚಿಕೆ ಇರಲಿಲ್ಲ. "ಬೂಟಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ರೀ ಅಕ್ಕೋರೇ" ಎನ್ನುತ್ತಿದ್ದ. ಬಂಗ್ಲೆಯಲ್ಲಿ ಮಾಡಿದ್ದನ್ನು ಕೇರಿಯ ಒಂದು ಮಗುವಿಗೂ ಚಿವುಟಿ ಕೊಟ್ಟವನಲ್ಲ. ಕೇಳಿದರೆ, "ನೀವು ಜ್ವಾಳದ ರೊಟ್ಟಿ ಮಂದಿ. ನಿಮಗ ಇದು ಪಚನ ಆಗೂದಿಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ಹರೆಯದಲ್ಲಿ ಅವನು ಚೀನಾ ದೇಶಕ್ಕೆ ಹೋಗಿ ಬಂದಿದ್ದ. ಅಲ್ಲಿ ಏನೋ ಗಲಾಟೆಯಾಗಿ ಇಲ್ಲಿಂದ ದಂಡು ಹೋದಾಗ ಒಬ್ಬ ಗೋರಾ ಸರದಾರನ ಅಡುಗೆ ಆಳಾಗಿ ಹಡಗು ಹತ್ತಿದ. ಸರದಾರ ಜ್ವರ ಬಂದು ಸತ್ತ. ಕಾಕಾ ಶಾಂಘೈ ಎಂಬ ಊರಲ್ಲಿ ಒಬ್ಬ ಫ್ರೆಂಚ್ ವ್ಯಾಪಾರಿಯ ಮನೆ ಸೇರಿದ. ಮನೆಯೊಡತಿ ಅಡುಗೆಮನೆಗೆ ಬಂದು ಪ್ರತಿಯೊಂದನ್ನೂ ಮೂಸಿ, ಒಂದು ಮಾತೂ ಆಡದೆ ಹೋಗುತ್ತಿದ್ದಳಂತೆ. ದೊಡ್ಡ ಅಡುಗೆಯವನು ಚೀನಾದವನು. ತಪ್ಪಿದಾಗಲೆಲ್ಲ ಸೌಟಿನಿಂದ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದನಂತೆ. ಆ ಏಟಿನ ಮಾತು ಬಂದರೆ ಕಾಕಾನ ಮುಖ ಅರಳುತ್ತಿತ್ತು.

"ಅಲ್ಲಿ ಒಬ್ಬರೂ ನನ್ನ ಜಾತಿ ಕೇಳಲಿಲ್ರಿ. ಕರಿಯ ಅಂತ ಬೈದ್ರು, ಅಷ್ಟೇ. ಮುಟ್ಟಿ ಹೊಡದ್ರು. ನಮ್ಮೂರಾಗ ಹೊಡೀಲಿಕ್ಕೂ ದೂರಿಂದ ಕಲ್ಲು ಒಗೀತಾರ" ಎಂದು ನಗುತ್ತಿದ್ದ.

ಆ ಮನೆಯಲ್ಲಿ ಕಲಿತು ಬಂದದ್ದೇ ಉಲ್ಟಾ ರೊಟ್ಟಿ. ಅದಕ್ಕೆ ಫ್ರೆಂಚರ ಹೆಸರೊಂದಿತ್ತು. ಕಾಕಾ ಹೇಳಿದಾಗ ಉಗುಳಿದ ಹಾಗೆ ಕೇಳುತ್ತಿತ್ತು, ಯಾರ ಬಾಯಲ್ಲೂ ನಿಲ್ಲಲಿಲ್ಲ. ಅಂಚಿರುವ ಕಬ್ಬಿಣದ ಹಂಚಿನಲ್ಲಿ ಬೆಣ್ಣೆ ಸಕ್ಕರೆ ಕಾಯಿಸಿ ಕೆಂಪು ಪಾಕ ಮಾಡಬೇಕು. ಅದರ ಮೇಲೆ ಹಣ್ಣು ಜೋಡಿಸಿ, ಬೆಣ್ಣೆ ಹಾಕಿ ನಾದಿದ ಹಿಟ್ಟಿನ ಹಾಳೆಯನ್ನು ಹೊದಿಸಿ ಭಟ್ಟಿಗೆ ಇಡಬೇಕು. ಬೆಂದ ಮೇಲೆ ಒಂದೇ ಸಲಕ್ಕೆ ತಾಟಿಗೆ ಮಗುಚಬೇಕು. ಕೆಳಗಿದ್ದ ಹಣ್ಣು ಮೇಲೆ ಬಂದು ಹೊಳೆಯುತ್ತದೆ, ರೊಟ್ಟಿ ಕೆಳಗೆ ಹೋಗುತ್ತದೆ. ಇಷ್ಟು ಮನೆಯೊಡತಿಯದು. ಪಾಕಕ್ಕೆ ಚಕ್ರಮೊಗ್ಗು, ಹಸಿಶುಂಠಿ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕುವುದು ಚೀನಾದವನ ಕೈವಾಡ. ಮನೆಯೊಡತಿ ಮೊದಲ ದಿನ ಮೂಸಿ ಮುಖ ಸಿಂಡರಿಸಿದಳಂತೆ, ಎರಡನೆಯ ದಿನ ಪೂರ್ತಿ ತಿಂದಳಂತೆ. ಅಲ್ಲಿ ಸೇಬಿನಲ್ಲಿ ಮಾಡುತ್ತಿದ್ದುದಕ್ಕೆ ಇಲ್ಲಿ ಕಾಕಾ ಕಮಲಾಪುರದ ಕೆಂಪು ಬಾಳೆಹಣ್ಣು ಹಾಕಿದ. ಆ ಹಣ್ಣು ಬೇರೆ ಬಾಳೆಯ ಹಾಗೆ ಕರಗಿ ಗಂಜಿಯಾಗುವುದಿಲ್ಲ. ಬೆಂದರೂ ತನ್ನ ಆಕಾರ ಬಿಡುವುದಿಲ್ಲ, ಬಣ್ಣ ಮಾತ್ರ ಇನ್ನೂ ಕೆಂಪಾಗುತ್ತದೆ. ಸಾಹೇಬನ ಮೇಜಿನಲ್ಲಿ ಅದನ್ನು ಉಂಡವರು ಕೈ ತೊಳೆಯುವ ಮೊದಲು ಅಡುಗೆಯವನನ್ನು ಕರೆಸುತ್ತಿದ್ದರು.

ಕಮಲಾಪುರ ಅವನ ಹುಟ್ಟೂರು. ಅವನ ತಾಯಿ ಅಲ್ಲಿನ ಒಂದು ಬಾಳೆತೋಟದಲ್ಲಿ ಗೊಬ್ಬರ ಹೊತ್ತು ಮುದುಕಿಯಾದಳು. ಗೊನೆ ಕೊಯ್ಯುವಾಗ ಬುಡದಲ್ಲಿ ಅವಳಿರಬೇಕು, ಹಣ್ಣಾದ ಮೇಲೆ ಹತ್ತಿರ ಬರಬಾರದು. ಸಿಪ್ಪೆ ಒಡೆದು ಇರುವೆ ಮುತ್ತಿದ ಹಣ್ಣಿದ್ದರೆ ಬೇಲಿಯಾಚೆ ಒಗೆಯುತ್ತಿದ್ದರು. ಆ ತೋಟ ಒಬ್ಬ ಸಾವ್ಕಾರನದು. ಅವನಿಗೆ ಕಲಬುರ್ಗಿಯ ಗಂಜ್ ಪೇಟೆಯಲ್ಲಿ ಬೇಳೆಯ ದೊಡ್ಡ ವ್ಯಾಪಾರವಿತ್ತು. ಬಜಾರದ ಪಂಚರಲ್ಲಿ ಅವನ ಮಾತೇ ಕೊನೆಯ ಮಾತು. ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಸದಾ ನಗುಮುಖ, ನಮ್ಮವರನ್ನೂ ಹೆಸರು ಹಿಡಿದು ಮಾತಾಡಿಸುವ ಮನುಷ್ಯ. ಕೆಟ್ಟವನಾಗಿದ್ದರೆ ಕಾಕಾ ಅವನನ್ನು ನಂಬುತ್ತಿರಲಿಲ್ಲ.

ಒಂದು ಸಲ ಗಿರಣಿ ಸಾಹೇಬ ತನ್ನ ಅತಿಥಿಗಳನ್ನು ಕರೆದುಕೊಂಡು ಕಮಲಾಪುರದ ಆ ತೋಟಕ್ಕೆ ಹೋದ. ಕಾಕಾ ಅಲ್ಲೇ ಕಲ್ಲು ಜೋಡಿಸಿ ಭಟ್ಟಿ ಮಾಡಿ ಉಲ್ಟಾ ರೊಟ್ಟಿ ಬೇಯಿಸಿದ. ಸಾವ್ಕಾರ ದೂರ ಕುರ್ಚಿಯಲ್ಲಿ ಕೂತು ತನ್ನ ತೋಟದ ಹಣ್ಣನ್ನು ಗೋರಾ ಮಂದಿ ಬಾಯಿ ಚಪ್ಪರಿಸಿ ತಿನ್ನುವುದನ್ನು ನೋಡಿದ. ಗಾಳಿ ಅವನ ಕಡೆಗೇ ಇತ್ತು. ಕಾಕಾ ತಾಟು ತೆಗೆಯಲು ಬಂದಾಗ ನಕ್ಕು ಹೇಳಿದನಂತೆ: "ವಾಸನಿ ಭಾಳ ಛಲೋ ಅದಲ್ಲೋ. ನೀರು ಮುಟ್ಟಿಸದ ಮಾಡಿದ್ರ ನಾವೂ ಒಂದು ತುಂಡು ತಿಂತಿದ್ವಿ ನೋಡು."

ಇದರ ಅರ್ಥ ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ಮಡಿಯವರು ಊರು ಬಿಟ್ಟು ಹೋಗುವಾಗ ಹಾಲಿನಲ್ಲಿ ಹಿಟ್ಟು ನಾದಿ ತುಪ್ಪದಲ್ಲಿ ಕರಿದ ಪೂರಿ ಕಟ್ಟಿಕೊಳ್ಳುತ್ತಿದ್ದರು. ನೀರು ತಾಗದ ತಿನಿಸಿಗೆ ಮೈಲಿಗೆ ಹತ್ತುವುದಿಲ್ಲ, ಎಲ್ಲಿ ಕೂತು ಬೇಕಾದರೂ ತಿನ್ನಬಹುದು ಎಂಬ ರೂಢಿ. ಹಣ್ಣಿಗೆ, ಬೆಲ್ಲಕ್ಕೆ, ಹಾಲು ತುಪ್ಪಕ್ಕೆ ದೋಷವಿಲ್ಲ, ದೋಷವೆಲ್ಲ ನೀರಿಗೆ. ಸಾವ್ಕಾರ ಆಡಿದ್ದು ನಗೆಮಾತು. ಕಾಕಾ ಅದನ್ನು ಕರಾರು ಎಂದು ತಿಳಿದ.

ಅದೇ ದಿನಗಳಲ್ಲಿ ಸಾಹೇಬ ತನ್ನ ದೇಶಕ್ಕೆ ಹೊರಡುವ ಮಾತು ಬಂತು. ಹೊಸ ಸಾಹೇಬ ತನ್ನ ಅಡುಗೆಯವನನ್ನು ತಾನೇ ಕರೆತರುವವನಿದ್ದ. ಕಾಕಾನ ತಲೆ ನೆರೆತಿತ್ತು. ಗಿರಣಿಯಲ್ಲಿ ದುಡಿಯುವ ಕಸುವಿರಲಿಲ್ಲ, ಕೂಲಿಗೆ ಹೋಗಲು ಅವನ ಜಾಕೀಟು ಬಿಡುತ್ತಿರಲಿಲ್ಲ. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತು, ಶರಣಬಸವೇಶ್ವರ ಗುಡಿಗೆ ಹೋಗುವ ಹಾದಿಯಲ್ಲಿ ಅಂಗಡಿ ಹಾಕುತ್ತೇನೆ ಎಂದ. ಪರಊರಿನ ಭಕ್ತರು ಬರುವ ಹಾದಿ, ಉಲ್ಟಾ ರೊಟ್ಟಿ ಮಾರುತ್ತೇನೆ, ಮೇಲೆ ಹಲಗೆ ಹಾಕಿಸುತ್ತೇನೆ, ಅದನ್ನು ನೀವೇ ಬರೆದು ಕೊಡಬೇಕು ಎಂದ.

"ನಿನ್ನ ಕೈದು ಯಾರು ಕೊಳ್ತಾರೋ ಕಾಕಾ?" ಎಂದು ಕೇಳಿದೆ.

"ನೀರು ಮುಟ್ಟಿಸದ ಮಾಡ್ತೀನ್ರಿ. ಸಾವ್ಕಾರ್ರು ತಾವೇ ಬಾಯಿಬಿಟ್ಟು ಹೇಳ್ಯಾರ."

"ಹೈದರಾಬಾದಿಗೆ ಹೋಗು. ಅಲ್ಲಿ ದೊಡ್ಡ ದೊಡ್ಡ ಹೋಟೆಲು ಅದಾವ. ನಿನ್ನ ಕಾಲು ಮುಟ್ಟಿ ಕರ್ಕೋತಾರ."

"ಹೋಗಬಹುದು. ಆದರ ಅಲ್ಲಿ ತಿನ್ನಾವ್ರು ಯಾರೂ ಕಮಲಾಪುರದವ್ರು ಇರೂದಿಲ್ಲಲ್ರಿ" ಎಂದ. ಅವನಿಗೆ ಬೇಕಾಗಿದ್ದುದು ಇಷ್ಟೇ, ಅಂಗಡಿ ಬರೀ ನೆಪ. ಆ ತೋಟದವರು ಹಾಡಹಗಲಲ್ಲಿ, ಬಜಾರದಲ್ಲಿ ನಿಂತು, ಅವನ ಕೈಯಿಂದ ತೆಗೆದುಕೊಂಡು ತಿನ್ನಬೇಕು.

ಮೊದಲು ನೀರು ಹೋಯಿತು. ಹಿಟ್ಟನ್ನು ಹಾಲಲ್ಲಿ ನಾದಿದರೆ ಫ್ರೆಂಚರ ಹಾಳೆ ಇನ್ನೂ ಮೃದುವಾಯಿತೆಂದು ಖುಷಿಪಟ್ಟ. ಸಾವ್ಕಾರನಿಗೆ ಹೋಗಿ ಹೇಳಿದರೆ ಅವನು, "ತತ್ತಿ ಹಾಕ್ತೀಯಲ್ಲೋ" ಎಂದ. ಹಾಳೆಗೆ ಹಾಕುತ್ತಿದ್ದ ಮೊಟ್ಟೆಯನ್ನು ಬಿಟ್ಟ. ಆಮೇಲೆ ಉಪ್ಪಿನ ಮಾತು ಬಂತು. ಉಪ್ಪು ಬಿದ್ದರೆ ಅದು ಅನ್ನದ ಲೆಕ್ಕಕ್ಕೆ ಸೇರುತ್ತದಂತೆ. ಒಂದು ಚಿಟಿಕೆ ಉಪ್ಪಿಲ್ಲದಿದ್ದರೆ ಸಿಹಿಗೆ ರುಚಿಯೇ ಇಲ್ಲ ಎಂದು ಎರಡು ದಿನ ಒದ್ದಾಡಿ ಅದನ್ನೂ ಬಿಟ್ಟ. ಹಾಲು ನಿನ್ನ ಮನೆಯ ಕೊಡದಲ್ಲಿ ಬಂದರೆ ಹೇಗೆ ಎಂದು ಪಂಚರು ಕೇಳಿದರು. ತಾಜಸುಲ್ತಾನಪುರದ ಗೌಳಿಗನನ್ನು ಗೊತ್ತುಮಾಡಿ, ಅವನ ಕೊಡದಿಂದಲೇ ನೇರ ಹಿಟ್ಟಿಗೆ ಸುರಿಯುವ ಏರ್ಪಾಡು ಮಾಡಿದ. ವಿಲಾಯತಿ ಸಕ್ಕರೆಯನ್ನು ಎಲುಬಿನ ಇದ್ದಿಲಲ್ಲಿ ಬಿಳುಪು ಮಾಡುತ್ತಾರೆಂದು ಬಜಾರದಲ್ಲಿ ಗುಲ್ಲಿತ್ತು. ಸಕ್ಕರೆ ಹೋಗಿ ಬೆಲ್ಲ ಬಂತು. ಇಲ್ಲಿ ಮಾತ್ರ ಕಾಕಾ ಹೆದರಿದ. ಸಕ್ಕರೆ ಪಾಕ ಕೆಂಪಾಗಿ ಕಪ್ಪಾಗುವ ನಡುವೆ ಒಂದಿಷ್ಟು ಹೊತ್ತು ಸಿಗುತ್ತದೆ, ಬೆಲ್ಲದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಕಹಿಯಾಗುತ್ತದೆ. "ಬೆಲ್ಲ ಭಾಳ ಅವಸರದ್ದು ಅದರೀ. ಒಂದು ಉಸಿರು ತಡ ಆದ್ರ ಮುಗೀತು" ಎನ್ನುತ್ತಿದ್ದ. ಎಷ್ಟೋ ಹಂಚು ಹೊತ್ತಿಸಿ ಕೊನೆಗೆ ಅದನ್ನೂ ಕೈವಶ ಮಾಡಿಕೊಂಡ.

ಬಂಗ್ಲೆಯ ಭಟ್ಟಿಯಲ್ಲಿ ಮಾಂಸ ಬೇಯುತ್ತದೆ ಎಂದರು. ಗುಡಿಯ ಹಾದಿಯಲ್ಲಿ ಸಾವ್ಕಾರ ತೋರಿಸಿದ ಖೋಲಿಯಲ್ಲಿ ಹೊಸ ಮಣ್ಣು, ಹೊಸ ಫರ್ಸಿಕಲ್ಲು ಹಾಕಿ ಕಾಕಾ ತಾನೇ ಭಟ್ಟಿ ಕಟ್ಟಿದ. ಕಟ್ಟುವಾಗ ಅವನು ಒಳಗೆ ಹೋಗಿ ಬಂದರೆ ಯಾರಿಗೂ ದೋಷ ಕಾಣಲಿಲ್ಲ. ಮಣ್ಣು ಕಲಸುವುದು ನಮ್ಮವರ ಕೆಲಸವೇ.

ರುಚಿ ನೋಡುವ ದಿನ ಸಾವ್ಕಾರನೂ ಇನ್ನಿಬ್ಬರು ಪಂಚರೂ ಖೋಲಿಯ ಹಿತ್ತಲಲ್ಲಿ ಕೂತರು. ಕಾಕಾ ಹೊಸ ಭಟ್ಟಿಯಲ್ಲಿ ಬೇಯಿಸಿ, ಮಗುಚಿ, ಬಾಳೆಲೆಯ ಮೇಲೆ ಇಟ್ಟು ದೂರ ಸರಿದು ನಿಂತ. ಅವರು ತಿಂದರು. ಮೂವರೂ ತಿಂದರು, ಒಬ್ಬ ಎರಡನೆಯ ತುಂಡಿಗೆ ಕೈ ಚಾಚಿದ. ಸಾವ್ಕಾರ ಕೈ ತೊಳೆದು, ಮೀಸೆ ಒರೆಸಿಕೊಂಡು, "ಎಲ್ಲಾ ಬರೋಬ್ಬರಿ ಅದ. ನೀರಿಲ್ಲ, ತತ್ತಿಲ್ಲ, ಉಪ್ಪಿಲ್ಲ. ಈಗ ನಿನ್ನ ಕೈ ಒಂದು ಉಳೀತು ನೋಡು" ಎಂದ.

ಕಾಕಾ ಅದನ್ನು ತಮಾಷೆ ಎಂದು ತಿಳಿದು ನಕ್ಕ. ಸಾವ್ಕಾರನೂ ನಕ್ಕ. ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದ. ತನ್ನ ಕಡೆಯ ಒಬ್ಬ ಅಡುಗೆಯವನು ಒಳಗೆ ಕೂತು ಮಾಡುತ್ತಾನೆ. ಕಾಕಾ ಹೊಸ್ತಿಲಾಚೆ ನಿಂತು ಬಾಯಿಂದ ಹೇಳಬೇಕು. "ನೀನೇ ಉಸ್ತಾದ. ಮಾತು ನಿಂದು, ಕೈ ಅವಂದು. ಒಂದು ವರ್ಷ ಮಂದಿಗೆ ರೂಢಿ ಆಗಲಿ, ಆಮ್ಯಾಲ ನೀನೂ ಒಳಗ ಬರಬಹುದು."

ಮನೆಗೆ ಬಂದು ಇದನ್ನು ಹೇಳಿದಾಗ ನಾನು ಕೂಗಾಡಿದೆ. "ಅಲ್ಲೋ ಕಾಕಾ, ಈಗ ತಿಂದದ್ದು ಯಾರ ಕೈದು? ನಿಂದೇ ಅಲ್ಲೇನು? ಎರಡೆರಡು ತುಂಡು ತಿಂದ್ರು ಅಂತಿ."

"ಹಿತ್ತಲದಾಗ ತಿಂದ್ರು. ಬಜಾರದಾಗ ತಿನ್ನೂದು ಬ್ಯಾರೆ" ಎಂದ. ಸಾವ್ಕಾರನ ಪರವಾಗಿ ವಕೀಲಿ ಮಾಡಲು ಕೂತ ಹಾಗೆ ಮಾತಾಡಿದ. "ಇಷ್ಟು ದೂರ ಬಂದಾರ. ಇನ್ನೊಂದು ಹೆಜ್ಜಿ ಉಳದದ. ಇಲ್ಲಿಗೆ ಬಂದು ನಾ ಹೊಳ್ಳಿ ಹೋಗಲೇನ್ರಿ?"

"ಅವ್ರು ಎಲ್ಲಿ ಬಂದಾರ? ಬಂದಾಂವ ನೀ ಒಬ್ಬನೇ" ಎಂದೆ. ಅಂದಿನಿಂದ ಒಂದು ತಿಂಗಳು ಅವನು ನನ್ನ ಜೊತೆ ಮಾತು ಬಿಟ್ಟ.

ಬಾಯಿಂದ ಅಡುಗೆ ಮಾಡುವುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಶಾಲೆಗೆ ಹೋಗುವಾಗ ಬರುವಾಗ ಕಾಣುತ್ತಿತ್ತು. ಅಂಗಡಿಯ ಬಾಗಿಲ ಮುಂದೆ ಒಂದು ಗಟಾರ, ಗಟಾರದ ಆಚೆ ದಂಡೆಯಲ್ಲಿ ಕಾಕಾ. ಕೈಗಳು ಬೆನ್ನ ಹಿಂದೆ. ಒಳಗೆ ಮಡಿಬಟ್ಟೆಯ ಅಡುಗೆಯವನು, ಕಾಕಾನ ಅರ್ಧ ವಯಸ್ಸಿನವನು. ಅವನಿಗೆ ಕಾಕಾ ರೀ ಹಚ್ಚಿ ಮಾತಾಡಬೇಕು, ಅವನು ಕಾಕಾನಿಗೆ ಲೇ ಎನ್ನುತ್ತಾನೆ. "ಬೆಲ್ಲ ಕರಗ್ಯದ, ತುಪ್ಪ ಬಿಡ್ರಿ. ಹಣ್ಣು ಒತ್ತಿ ಇಡಬ್ಯಾಡ್ರಿ, ಬಾಜೂಕ ಬಾಜು ಮಲಗಸ್ರಿ. ಈಗ ಗುಳ್ಳಿ ಸಣ್ಣವು ಬರಾಕತ್ತಾವ, ಕೇಳಸ್ತದ ನನಗ. ಒಂದು ಉಸಿರು ನಿಲ್ರಿ. ಆತು, ಇಳಸ್ರಿ." ಕಾಣುತ್ತಿದ್ದುದು ಅವನಿಗೆ ಅಡುಗೆಯವನ ಬೆನ್ನು ಮಾತ್ರ. ಉಳಿದದ್ದೆಲ್ಲ ಮೂಗಿನಲ್ಲಿ, ಕಿವಿಯಲ್ಲಿ. ಮಾತಿನ ನಡುವೆ ಅವನ ಬೆರಳುಗಳು ಬೆನ್ನ ಹಿಂದೆ ತಾವೇ ಆಡುತ್ತಿದ್ದವು, ಹಾಳೆಯ ಅಂಚನ್ನು ಒಳಗೆ ಮಡಚುತ್ತಿದ್ದವು. ನಾನು ನೋಡದೆ ದಾಟಿಹೋಗಲು ಕಲಿತೆ.

ಆ ಅಡುಗೆಯವನಿಗೆ ನಶ್ಯದ ಚಟ. ತಾಸಿಗೊಮ್ಮೆ ಚಿಟಿಕೆ ಏರಿಸಿ ಸೀನಬೇಕು. ಮೂಗು ಎಂಬುದು ಅವನ ಮುಖದ ಮೇಲಿದ್ದರೂ ಉಪಯೋಗಕ್ಕಿರಲಿಲ್ಲ. "ಎಂಥಾ ಮನುಷ್ಯನ ಕೈಯಾಗ ಸಿಕ್ಕೊಂಡದ ನನ್ನ ಭಟ್ಟಿ" ಎಂದು ಕಾಕಾ ಗೊಣಗುತ್ತಿದ್ದ. ಹಾಗಾಗಿ ಅಡುಗೆಯವನು ಕಲಿತ ಎಂದು ಸಾವ್ಕಾರ ಎಷ್ಟು ಸಲ ಹೇಳಿದರೂ ಕಾಕಾನಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ.

ಅಂಗಡಿ ಚೆನ್ನಾಗಿ ನಡೆಯಿತು. ಹಲಗೆಯ ಮೇಲೆ ಸಾವ್ಕಾರನ ಮನೆತನದ ಹೆಸರು ಬಂತು. ಕಮಲಾಪುರದವರು ಬಂದು ನಿಂತು ತಿಂದರು. ಅವರು ತಿನ್ನುವುದನ್ನು ಕಾಕಾ ಗಟಾರದ ಆಚೆಯಿಂದ ನೋಡುತ್ತಿದ್ದ. ಒಮ್ಮೆ ಅವರಲ್ಲೊಬ್ಬ ಎಲೆಯನ್ನು ಗಟಾರಕ್ಕೆ ಒಗೆಯುವಾಗ ಅವನನ್ನು ಗುರುತು ಹಿಡಿದು, "ಏನಲೇ, ಇಲ್ಲೇನು ನಿಂತೀ, ಏನರ ಕೆಲಸ ಇಲ್ಲೇನು?" ಎಂದು ಕೇಳಿದ. ಕಾಕಾ ಆ ಸಂಜೆ ಇದನ್ನು ನನಗೆ ಹೇಳಿ ಜೋರಾಗಿ ನಕ್ಕ. ನಾನು ನಗಲಿಲ್ಲ.

ಒಂದು ವರ್ಷ ಮುಗಿದಾಗ ಹೋಗಿ ಕೇಳಿದ. ಶ್ರಾವಣ ಕಳೆಯಲಿ ಎಂದರು. ಶ್ರಾವಣ ಕಳೆಯಿತು. ಸಾವ್ಕಾರನ ಮನೆಯಲ್ಲಿ ಮದುವೆ ಮುಗಿಯಲಿ ಎಂದರು. ಅದೂ ಮುಗಿದು ಮಕ್ಕಳೂ ಆದವು. ಕಾಕಾನ ಕಾಲುಗಳು ಊದತೊಡಗಿದವು, ಆದರೂ ಗಟಾರದ ದಂಡೆಯ ಮೇಲೆ ಕೂರುತ್ತಿರಲಿಲ್ಲ. ಕೂತರೆ ಅಡುಗೆಯವನ ಬೆನ್ನೂ ಕಾಣುವುದಿಲ್ಲ. "ಈ ಸಲ ಖರೇನ ಕರೀತಾರ" ಎಂದು ಹೇಳುವಾಗ ಅವನ ಬಡಾಯಿ ಪೂರ್ತಿ ಹೋಗಿರುತ್ತಿತ್ತು, ಶಾಲೆಯ ಹುಡುಗಿಯರು ರಜೆ ಕೇಳುವ ದನಿ ಉಳಿದಿರುತ್ತಿತ್ತು. ಆ ದನಿ ಕೇಳಿದಾಗ ನನಗೆ ಅವನನ್ನು ಹಿಡಿದು ಅಲುಗಿಸಬೇಕು ಎನ್ನಿಸುತ್ತಿತ್ತು.

ಆ ದಿನ ನಾನು ಶಾಲೆ ಮುಗಿಸಿ ಅದೇ ಹಾದಿಯಲ್ಲಿ ಬರುತ್ತಿದ್ದೆ. ನಿಜಾಮ ಸರಕಾರದ ಸುಬೇದಾರರ ಕಚೇರಿಯ ಔತಣಕ್ಕೆ ಅಂಗಡಿಗೆ ದೊಡ್ಡ ಆರ್ಡರು ಬಂದಿತ್ತು. ಭಟ್ಟಿಯ ತುಂಬ ಹಂಚುಗಳು. ಬಾಗಿಲಲ್ಲಿ ಗಿರಾಕಿಗಳ ಗುಂಪು. ಅಡುಗೆಯವನು ಮುಂದೆ ಬಂದು ಕಚೇರಿಯ ಜವಾನನ ಜೊತೆ ಮಾತಿಗೆ ನಿಂತಿದ್ದ, ಎಡಗೈಯಲ್ಲಿ ನಶ್ಯದ ಡಬ್ಬಿ. ಕಾಕಾ ಆಚೆಯಿಂದ, "ಬೆಲ್ಲ ತಿರುಗಾಕತ್ತದ್ರಿ, ಇಳಸ್ರಿ" ಎಂದ. ಅಡುಗೆಯವನು ಕೈ ಬೀಸಿ ಸುಮ್ಮನಿರಲು ಹೇಳಿದ. ಕಾಕಾ ಇನ್ನೊಮ್ಮೆ ಕೂಗಿದ. ಆಗ ನನ್ನ ಮೂಗಿಗೂ ಸಣ್ಣಗೆ ವಾಸನೆ ಬಂತು, ಚಕ್ರಮೊಗ್ಗಿನದು, ಸ್ವಲ್ಪ ಖಾರವಾಗಿ.

ಕಾಕಾ ಗಟಾರ ದಾಟಿದ. ಊದಿದ ಕಾಲಿನ ಮುದುಕ ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಗಿರಾಕಿಗಳ ನಡುವೆ ನುಗ್ಗಿ, ಹೊಸ್ತಿಲು ದಾಟಿ, ಹೆಗಲ ಮೇಲಿನ ಅರಿವೆಯಲ್ಲಿ ಹಂಚು ಹಿಡಿದು ಎಳೆದು, ತಾಟು ಮುಚ್ಚಿ, ಒಂದೇ ಸಲಕ್ಕೆ ಮಗುಚಿದ. ಮತ್ತೊಂದು ಎಳೆದ, ಮಗುಚಿದ. ಅರಿವೆ ಸುಟ್ಟು ಹೊಗೆಯಾಡಿತು, ಬರಿಗೈಯಲ್ಲೇ ಹಿಡಿದ. ಎಲ್ಲ ಹಂಚುಗಳೂ ಖಾಲಿಯಾದವು. ಕಟ್ಟೆಯ ಮೇಲೆ ಸಾಲಾಗಿ ಕೆಂಪು ಹಣ್ಣು ಹೊಳೆಯುತ್ತಿತ್ತು. ಕಾಕಾ ಬಗ್ಗಿ ಮೂಸಿ ನೋಡಿ, ನೆಟ್ಟಗೆ ನಿಂತು, ಆಗ ಸುತ್ತಲೂ ನೋಡಿದ.

ಹೊಡೆದರು. ಭಟ್ಟಿಯ ಉದ್ದ ಹಿಡಿಕೆಯ ಸಲಿಕೆಯಿಂದ ಹೊಡೆದರು, ಮುಟ್ಟುವ ಅಗತ್ಯ ಬೀಳದ ಹಾಗೆ. ಇಷ್ಟು ಬರೆದರೆ ಸಾಕು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಗಂಡನನ್ನೂ ಕೇರಿಯ ನಾಲ್ಕು ಜನರನ್ನೂ ಕರೆತರುವಷ್ಟರಲ್ಲಿ ಅವನು ಗಟಾರದ ಆಚೆ ಬಿದ್ದಿದ್ದ. ಅದೇ ಸಂಜೆ ಹಾರೆ ಹಾಕಿ ಭಟ್ಟಿಯನ್ನು ಒಡೆದರು. ಸಾವ್ಕಾರ ಬಂದು ತಲೆ ಅಲ್ಲಾಡಿಸಿ, "ಇನ್ನೇನು ಈ ದೀಪಾವಳಿಗೆ ಅವನ್ನ ಒಳಗ ಕರ್ಕೊಳ್ಳಾಂವ ಇದ್ದೆ, ಹಾಳ್ ಮಾಡ್ಕೊಂಡ" ಎಂದನಂತೆ. ಆ ಮಾತು ಸುಳ್ಳೆಂದು ನಾನು ಬಲ್ಲೆ. ಆದರೂ ಅದನ್ನು ಕಾಕಾನಿಗೆ ಯಾರೋ ತಲುಪಿಸಿದರು, ಅವನು ನಂಬಿದ.

ಮೈಲಿಗೆಯಾದ ಉಲ್ಟಾ ರೊಟ್ಟಿಗಳನ್ನು ಏನು ಮಾಡುವುದು? ಹಾಳು ಮಾಡಬಾರದೆಂದು ಸಾವ್ಕಾರ ಬುಟ್ಟಿ ತುಂಬಿಸಿ ನಮ್ಮ ಕೇರಿಗೇ ಕಳಿಸಿದ. ಕೇರಿ ತಿಂದಿತು. ಮಕ್ಕಳು ಎಲೆ ನೆಕ್ಕಿದವು, ಹಲ್ಲಿಲ್ಲದ ಮುದುಕಿಯರೂ ಕೇಳಿ ಹಾಕಿಸಿಕೊಂಡರು. ನಾನೂ ತಿಂದೆ. ಗೋಡೆಯ ಆಚೆ ಅವನು ನರಳುವುದು ಕೇಳುತ್ತಿತ್ತು, ಆದರೂ ತಿಂದೆ. ಅಂಥ ರುಚಿ ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಕೈ ವಾಸಿಯಾಗಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡವು. ಅವನ ತಂಗಿಯ ಮಗ ಬಂದು ಕಮಲಾಪುರಕ್ಕೆ ಕರೆದುಕೊಂಡು ಹೋದ. ಒಂದು ಭಾನುವಾರ ನಾನು ಗೊನೆ ಗಾಡಿ ಹತ್ತಿ ನೋಡಲು ಹೋದೆ. ತೋಟದ ಬೇಲಿಗೆ ಹತ್ತಿದ ಗುಡಿಸಲು. ಹೊರಸಿನ ಮೇಲೆ ಮಲಗಿದ್ದ. ಮೈಮೇಲೆ ಜಾಕೀಟು ಇರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಚ್ಚಿ ಹಾಕಿದೆ.

"ಯಾಕ ಒಳಗ ಹ್ವಾದಿ ಕಾಕಾ? ಇಷ್ಟು ವರ್ಷ ಗಟಾರದ ದಂಡಿಗೆ ನಿಂತಾಂವ, ಅವತ್ತೊಂದು ದಿನ ನಿಂತಿದ್ರ ಏನಾಗ್ತಿತ್ತು? ಹೊತ್ತಿದ್ರ ಸಾವ್ಕಾರಂದು ಹೊತ್ತತಿತ್ತು. ಮರ್ಯಾದಿ ಹೋಗಿದ್ರ ಅವಂದು ಹೋಗ್ತಿತ್ತು. ಆ ನಶ್ಯದವನ ಕೆಲಸ ಹೋಗಿ ನಿನ್ನ ಕರೀತಿದ್ರೋ ಏನೋ. ನಿಂದೇನು ಹೋಗ್ತಿತ್ತು ಅದರಾಗ?"

ಅವನು ನನ್ನ ಕಡೆ ಮುಖ ತಿರುಗಿಸಿದ. ಆಮೇಲೆ, "ಕೇರಿಗೆ ಕಳಿಸಿದ್ರಂತ. ನೀವು ತಿಂದ್ರೇನು?" ಎಂದು ಕೇಳಿದ.

"ತಿಂದೆ."

"ತಳ ಹೊತ್ತಿತ್ತೇನ್ರಿ?"

ಹೊತ್ತಿತ್ತು, ಕಹಿಯಾಗಿತ್ತು, ಬಾಯಿಗಿಡಲು ಆಗಲಿಲ್ಲ ಎಂದು ಹೇಳಬೇಕೆನ್ನುವಷ್ಟು ಸಿಟ್ಟಿತ್ತು ನನಗೆ.

"ಇಲ್ಲ ಕಾಕಾ. ಹೊತ್ತಿರಲಿಲ್ಲ."

"ಮತ್ತ ಯಾಕ ಕೇಳ್ತೀರಿ?" ಎಂದು ಅವನು ಗೋಡೆಯ ಕಡೆ ಹೊರಳಿ ಮಲಗಿದ.